ಅಮಾನ್ಯ ಎಂದು ಬರೆಸಿಕೊಂಡ ಪ್ರಶ್ನಾವಳಿ

ನಾನು ಒಂದು ಪ್ರಶ್ನಾವಳಿ. ಗಂಡ ಹೆಂಡಿರ ನಡುವಿನ ನಂಟು ಎಂಥದೆಂದು ಅಳೆಯುವುದು ನನ್ನ ಕೆಲಸ. ಮೈಮೇಲೆ ಮೂವತ್ತಾರು ವಾಕ್ಯಗಳು. ಪ್ರತಿಯೊಂದರ ಎದುರೂ ಒಂದರಿಂದ ಏಳರವರೆಗೆ ಅಂಕಿಗಳು. ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಏಳು. ಯಾವುದೋ ದೂರದೇಶದ ಕಾಲೇಜು ಹುಡುಗ ಹುಡುಗಿಯರಿಗೆಂದು ಬರೆದ ಈ ವಾಕ್ಯಗಳನ್ನು ಧಾರವಾಡದ ಸಂಶೋಧಕರೊಬ್ಬರು ಮೂರೇ ದಿನದಲ್ಲಿ ಕನ್ನಡಕ್ಕೆ ತಂದರು. ಒಬ್ಬ ಗೃಹಿಣಿಗೂ ಓದಿ ತೋರಿಸಲಿಲ್ಲ. ನನ್ನ ಸಿಟ್ಟು ಹುಟ್ಟಿದ್ದೇ ಅಂದು.

ಝೆರಾಕ್ಸ್ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದು ಹುಬ್ಬಳ್ಳಿಯ ಒಂದು ಕೌಟುಂಬಿಕ ಸಲಹಾ ಕೇಂದ್ರ ಸೇರಿದೆ. ಅಲ್ಲಿ ಕಸ್ತೂರಿಯ ಕೈಗೆ ಸಿಕ್ಕಿದೆ. ಹೊಲಿಗೆ ಕೆಲಸದವಳು, ಬೆರಳ ತುದಿಗಳು ಸೂಜಿ ಚುಚ್ಚಿ ಒರಟಾಗಿದ್ದವು. ಆಕೆಯ ಗಂಡ ಫಕೀರಪ್ಪ ವಿಚ್ಛೇದನವೂ ಬೇಕು, ಆರು ವರ್ಷದ ಮಗಳೂ ಬೇಕು ಎಂದು ಕೋರ್ಟಿಗೆ ಹೋಗಿದ್ದ. ಮಗು ಯಾರ ಬಳಿ ಇರಬೇಕೆಂದು ಕೇಂದ್ರ ವರದಿ ಕೊಡಬೇಕಿತ್ತು.

'ನನ್ನ ಸಂಗಾತಿ ನನ್ನನ್ನು ಬಿಟ್ಟುಹೋಗಬಹುದೆಂದು ಹೆದರುತ್ತೇನೆ' ಎಂಬ ವಾಕ್ಯದ ಮುಂದೆ ಕಸ್ತೂರಿಯ ಪೆನ್ನು ನಿಂತಿತು.

"ಮೇಡಮ್, ಯಾಕ ಅಂತ ಬರಿಯಾಕ ಜಾಗಾ ಇಲ್ಲೇನ್ರಿ?"

"ಬರೇ ಅಂಕಿಗೆ ರೌಂಡ್ ಹಾಕ್ರಿ, ಸಾಕು," ಎಂದಳು ಸಲಹೆಗಾರ್ತಿ ವಿನುತಾ.

ಕಸ್ತೂರಿ ಏಳಕ್ಕೆ ಹಾಕಿದಳು. ಪಕ್ಕದ ಕುರ್ಚಿಯಲ್ಲಿ ಫಕೀರಪ್ಪ ತನ್ನ ಹಾಳೆಯಲ್ಲಿ ಒಂದಕ್ಕೆ ಹಾಕಿ ಕಾಲು ಅಲ್ಲಾಡಿಸುತ್ತಿದ್ದ. ವಿನುತಾ ಅಂಕಿ ಕೂಡಿಸಿದಳು. ಗಂಡನದು ಸುಭದ್ರ ನಂಟು, ಹೆಂಡತಿಯದು ಆತಂಕದ ನಂಟು!

"ನಿಮ್ಮ ಸ್ವಭಾವದಾಗ ಆತಂಕ ಭಾಳ ಐತ್ರಿ. ಮಗೂಗೆ ಇದು ಚಲೋ ಅಲ್ಲ."

ನನ್ನ ಮೈಯೆಲ್ಲ ಉರಿಯಿತು. ಹೆದರಿಕೆ ಎಷ್ಟೆಂದು ಕೇಳಿದ್ದು ನಾನೇ. ಹೆದರಿಸಿದವರು ಯಾರೆಂದು ಮಾತ್ರ ನಾನು ಕೇಳಿರಲಿಲ್ಲ.

ಕಸ್ತೂರಿ ದಡಕ್ಕನೆ ಎದ್ದಳು. "ನಮ್ಮ ಮನಿಯವರ ಹಾಳಿ ತುಂಬಿದ್ದು ಅವರೇ ಅಲ್ಲೇನ್ರಿ? ಖರೇನೋ ಸುಳ್ಳೋ, ಯಾರ್ ನೋಡಿದ್ರು?"

ಮೇಜಿನಿಂದ ನನ್ನನ್ನು ಕಿತ್ತುಕೊಂಡು, ಮಗುಚಿ ಹಾಕಿ, ಬೆನ್ನ ಮೇಲೆ ಬರೆದಳು: 'ಲಗ್ನಾದ ವರ್ಷನ ನಾಕು ತಿಂಗಳ ನನ್ನ ಬಿಟ್ಟು ಹೋದ. ಬಸರಿದ್ದಾಗ ಮತ್ತ ಹೋದ. ಮಗಳು ಡೆಂಗಿ ಬಂದು ದವಾಖಾನ್ಯಾಗ ಇದ್ದಾಗ ಫೋನ್ ಬಂದ್ ಮಾಡಿದ. ಹೆದರಲಾರದ ಏನ್ ಮಾಡ್ಲಿ?' ಕೊನೆಯ ಸಾಲಿಗೆ ಪೆನ್ನು ನನ್ನನ್ನು ಹರಿದೇಬಿಟ್ಟಿತು. ನನಗೆ ನೋವಾಗಲಿಲ್ಲ.

"ಹಾಳಿ ಕೆಡಿಸಿದ್ರಿ," ಎಂದು ವಿನುತಾ ಕೆಂಪು ಶಾಯಿಯಲ್ಲಿ 'ಅಮಾನ್ಯ' ಎಂದು ಬರೆದಳು.

ಆದರೆ ಕೇಂದ್ರದ ಮುಖ್ಯಸ್ಥೆ ಸರೋಜಾಬಾಯಿ ನನ್ನ ಹಿಂಬದಿಯನ್ನು ಎರಡು ಸಲ ಓದಿದರು. ಫಕೀರಪ್ಪನನ್ನು ಕರೆದು ಕೇಳಿದರು: "ಮಗಳು ಯಾವ ದವಾಖಾನ್ಯಾಗ ಇದ್ಲು, ಎಷ್ಟು ದಿನಾ ಇದ್ಲು? ಹೇಳ್ರಿ."

"ಅದೆಲ್ಲಾ ಅಕೀಗೇ ಗೊತ್ರಿ," ಎಂದ ಅವನು. ಸರೋಜಾಬಾಯಿ ಇಬ್ಬರ ಅಂಕಗಳನ್ನೂ ವರದಿಯಿಂದ ತೆಗೆಸಿ, ನಡೆದದ್ದನ್ನು ವಿಚಾರಿಸಿ ಬರೆದರು. ಮಗಳು ತಾಯಿಯ ಬಳಿಯೇ ಉಳಿದಳು.

ಈಗ ನಾನು ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಅಂಚುಗಳನ್ನು ಹುಳು ತಿಂದಿದೆ. ಮೇಲಿನ ಖಾನೆಗೆ ಮೊನ್ನೆ ಹೊಸ ಪ್ರತಿಗಳ ಕಟ್ಟು ಬಂತು. ಒಂದು ಅಕ್ಷರವೂ ಬದಲಾಗಿಲ್ಲ. ಮುಪ್ಪಿನಲ್ಲೂ ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ. ಕಸ್ತೂರಿಯಂತೆ ಎದ್ದು ನಿಲ್ಲಲಾಗದ ಎಷ್ಟು ಹೆಂಗಸರು, ತಪ್ಪೆಲ್ಲ ತಮ್ಮದೇ ಎಂದು ನಂಬಿ, ಬರಿಗೈಯಲ್ಲಿ ಈ ಬಾಗಿಲು ದಾಟಿ ಹೋದರೋ!