ಎಡಗೆನ್ನೆಯ ಬೊಟ್ಟು

೧

ಎಲ್ಲಿಂದ ಶುರು ಮಾಡಬೇಕು?

ಮಗು ಅತ್ತಿತು ಎಂದು ಶುರು ಮಾಡಬಹುದು. ಎಳೆಮಗುವಿರುವ ಮನೆಯ ಕಥೆಗೆ ಅದಕ್ಕಿಂತ ಸುಲಭದ ಬಾಗಿಲಿಲ್ಲ. ಆದರೆ ಈ ಮಗು ಅಷ್ಟಾಗಿ ಅಳುವುದಿಲ್ಲ. ಕಥೆಗೋಸ್ಕರ ಅದನ್ನು ಚಿವುಟುವುದು ನನ್ನಿಂದಾಗದು. (ಮಗುವನ್ನು ಚಿವುಟಿ ತೊಟ್ಟಿಲು ತೂಗುವವರು ಬೇರೆ ಇದ್ದಾರೆ. ಬರುತ್ತಾರೆ, ತಾಳಿ.)

ಬೆಟ್ಟ, ಮಂಜು, ಕಾಫಿ ಹೂವಿನ ಘಮ ಎಂದೂ ಶುರು ಮಾಡಬಹುದು. ಬಾಳೂರಿನ ಕಡೆ ಮೂರೂ ಇವೆ. ಆದರೆ ಮೂರನ್ನೂ ಹೋಂಸ್ಟೇಯವರು ಮೊದಲೇ ಬುಕ್ ಮಾಡಿಕೊಂಡಿದ್ದಾರೆ.

ಹಾಗಾಗಿ ಕಾಲು ಕೆಜಿ ಕಾಫಿಪುಡಿಯ ಒಂದು ಪ್ಯಾಕೆಟ್‌ನಿಂದ ಶುರು ಮಾಡುತ್ತೇನೆ.

೨

ಮೇ ತಿಂಗಳ ಒಂದು ಗುರುವಾರ. ಅರುಣಾ ಮಗಳಿಗೆ ಒಂಬತ್ತು ತಿಂಗಳ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಕೊಟ್ಟಿಗೆಹಾರದಲ್ಲಿ ಬಾಳೂರಿನ ಬಸ್ಸಿಗೆ ಕಾಯುತ್ತಿದ್ದಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಎಸ್ಟೇಟಿನಲ್ಲಿ ದಿನಗೂಲಿ. ಕಾಫಿಹಣ್ಣು ಕುಯ್ಯುತ್ತಾಳೆ, ಕಳೆ ತೆಗೆಯುತ್ತಾಳೆ, ಹೇಳಿದ್ದನ್ನು ಮಾಡುತ್ತಾಳೆ. ಗಂಡ ಬಾಲರಾಜ್ ಅಲ್ಲೇ ಮರಗಸಿಯವನು. ಗಿಡಗಳಿಗೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು ಅವನ ಕೆಲಸ.

ರಜೆಯ ಜನ ಚಾರ್ಮಾಡಿ ನೋಡಲು ಬಂದು ಅಂಗಡಿಗಳ ಮುಂದೆ ಕಾರು ನಿಲ್ಲಿಸಿಕೊಂಡಿದ್ದರು. ಜೇನುತುಪ್ಪ, ಏಲಕ್ಕಿ ಮಾರುವ ಅಂಗಡಿಯಿಂದ ಗುರುವಯ್ಯ ಕೂಗಿದ.

“ಏ ಅರುಣಾ, ಬಾ ಇಲ್ಲಿ. ನಿನ್ನ ಮಗಳು ನಿನಗಿಂತ ಮೊದ್ಲೇ ನಮ್ಮಂಗಡಿಗೆ ಬಂದು ಕೂತಿದಾಳೆ.”

ಕೂತಿರಲಿಲ್ಲ, ಮಲಗಿದ್ದಳು. ಕಂದು ಬಣ್ಣದ ಪ್ಯಾಕೆಟ್ಟಿನ ಮೇಲೆ, ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಹಸಿರು ಸೀರೆಯ ಜೋಲಿಯಲ್ಲಿ. ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಶೇಡ್ ಬೇಬಿ’. ಕೆಳಗಿನ ಸಣ್ಣ ಅಕ್ಷರಗಳನ್ನು ಗುರುವಯ್ಯ ಕನ್ನಡಕ ಏರಿಸಿಕೊಂಡು ಕನ್ನಡ ಮಾಡಿ ಹೇಳಿದ. “ನೆರಳಲ್ಲಿ ಹುಟ್ಟಿದ್ದು, ಪ್ರೀತಿಯಲ್ಲಿ ಬೆಳೆದದ್ದು ಅಂತ. ಕಾಫೀಗೆ ಹೇಳಿದ್ದು, ನಿನ್ನ ಮಗಳಿಗಲ್ಲ.”

ಅರುಣಾ ನಗಲಿಲ್ಲ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಒರೆಸಿದಳು. ಮತ್ತೆ ನೋಡಿದಳು.

“ಬೊಟ್ಟೆಲ್ಲಿ?”

“ಎಂತ ಬೊಟ್ಟು?”

ಸೊಂಟದ ಮೇಲಿದ್ದ ಮಗಳನ್ನು ಅವನ ಕಡೆ ತಿರುಗಿಸಿದಳು. ಎಡಗೆನ್ನೆಯ ಮೇಲೆ ಹುರುಳಿಕಾಳಿನಷ್ಟು ದೊಡ್ಡ ಕಪ್ಪು ದೃಷ್ಟಿಬೊಟ್ಟು. “ಇದು.”

ಗುರುವಯ್ಯ ಮಗುವನ್ನೂ ಪ್ಯಾಕೆಟ್ಟನ್ನೂ ಎರಡೆರಡು ಸಲ ನೋಡಿದ. “ತಗೊಂಡು ಹೋಗು ಮಾರಾಯ್ತಿ,” ಅಂದ. “ಮಗಳ ಫೋಟೊಗೆ ತಾಯಿ ಹತ್ರ ದುಡ್ಡು ಈಸ್ಕೊಂಡ ಅನ್ನೋದು ಬೇಡ ನನಗೆ.”

೩ (ಹರಿದದ್ದು)

ಈ ಕಥೆಯ ಮೊದಲ ಕರಡಿನಲ್ಲಿ ಪ್ಯಾಕೆಟ್ ಇರಲಿಲ್ಲ. ಬಾಲರಾಜ್ ಮರದಿಂದ ಬೀಳುತ್ತಿದ್ದ. ಎತ್ತರದ ಮರ ಕಂಡರೆ ಬರೆಯುವವರ ಕೈ ತುರಿಸುತ್ತದೆ.

“ಎಂತಕ್ಕೆ ಬೀಳಿಸಿದ್ರಿ ಅವರನ್ನ?” ಅಂದಳು ಅರುಣಾ.

“ಕಥೆಗೆ ತೂಕ ಬರುತ್ತೆ ಅಂತ.”

“ಅವರೇ ಇರೋದು ಐವತ್ತೆಂಟು ಕೆಜಿ. ಬಿದ್ರೆ ನಿಮ್ಮ ಕಥೆಗೆ ಎಷ್ಟು ತೂಕ ಬಂದೀತು? ಎತ್ತಿ ಅಕ್ಕ, ಮೇಲೆ.”

ಎತ್ತಿದೆ. ಗಂಡ ಸಾಯುವ ಕಥೆ ನನಗೆ ಗೊತ್ತು. ಎಷ್ಟು ಜನ ಬರುತ್ತಾರೆ, ಏನೇನು ಹೇಳುತ್ತಾರೆ, ಯಾವ ವಾರದಿಂದ ಬರುವುದು ನಿಲ್ಲಿಸುತ್ತಾರೆ, ಎಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಕಥೆಯಲ್ಲಿ ಬಾಲರಾಜ್ ಬದುಕಿರುತ್ತಾನೆ. ಸಂಜೆ ಮರದಿಂದ ಇಳಿದು, ಕೈಕಾಲು ತೊಳೆದು, ಮಗಳ ಬಟ್ಟೆ ಹಿಂಡಿ ತಂತಿಯ ಮೇಲೆ ಹರವುತ್ತಾನೆ. ತುದಿ ಕೂಡಿಸಿ ಹರವುವುದಿಲ್ಲ. ಅರುಣಾ ಬೈಯುತ್ತಾಳೆ. ಅವನು ಮಾರನೆಯ ದಿನವೂ ಹಾಗೇ ಹರವುತ್ತಾನೆ.

ಇದಕ್ಕಿಂತ ದೊಡ್ಡ ಘಟನೆ ಬೇಕಾದವರು ಬೇರೆ ಪುಟ ತಿರುವಿಕೊಳ್ಳಿ.

೩ (ಮತ್ತೆ)

ಫೋಟೊ ತೆಗೆದದ್ದು ಡಿಸೆಂಬರಿನಲ್ಲಿ, ಹಣ್ಣು ಕುಯ್ಯುವ ಭರಾಟೆಯಲ್ಲಿ. ಮಗುವಿಗೆ ಆಗ ನಾಲ್ಕು ತಿಂಗಳು. ಅತ್ತೆ ರಾಮಮ್ಮನಿಗೂ ಕುಯ್ಲಿನ ಕೆಲಸವಿದ್ದುದರಿಂದ ಮಗುವನ್ನು ತೋಟಕ್ಕೇ ಕರೆದುಕೊಂಡು ಹೋಗುತ್ತಿದ್ದರು. ಹೊರಡುವ ಮೊದಲು ಬೊಟ್ಟು. ಅದರ ಕಪ್ಪನ್ನು ರಾಮಮ್ಮ ಮನೆಯಲ್ಲೇ ಮಾಡುತ್ತಾಳೆ. ಸಬ್ಬಕ್ಕಿಯನ್ನು ಇದ್ದಿಲಿನಂತಾಗುವವರೆಗೆ ಹುರಿದು, ನೀರು ಹಾಕಿ ಕುದಿಸಿ, ತೆಂಗಿನ ಚಿಪ್ಪಿಗೆ ಸುರಿದು ಒಣಗಿಸುತ್ತಾಳೆ. ಬೇಕಾದಾಗ ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ತೇಯ್ದರಾಯಿತು. ಕೆನ್ನೆಯ ಮೇಲೆ ಒಣಗಿದ ಮೇಲೆ ಬೆವರಿಗೂ ಬಗ್ಗುವುದಿಲ್ಲ. ಕಪ್ಪು ಮಾಡುವುದು ಅತ್ತೆಯಾದರೂ ಬೊಟ್ಟು ಇಡುವುದು ಅರುಣಾ. ದಿನದಲ್ಲಿ ಅವಳೊಬ್ಬಳೇ ನಿರ್ಧರಿಸಿ ಮಾಡುವ ಕೆಲಸ ಅದೊಂದು.

ಆವತ್ತು ತೋಟಕ್ಕೆ ರೂಪಶ್ರೀ ಬಂದಳು. ಎಸ್ಟೇಟಿನ ಯಜಮಾನ ಅಭಿಷೇಕನ ಹೆಂಡತಿ. ಹೋಂಸ್ಟೇ, ಗೇಟಿನ ಬಳಿಯ ಕಾಫಿ ಶಾಪ್, ಎರಡೂ ಅವಳದೇ ಕನಸು. ಕೆಲಸದವರು ತನ್ನನ್ನು ಅಮ್ಮಾವ್ರು ಅನ್ನುವುದು ಅವಳಿಗೆ ಹಿಡಿಸದು. “ಅಕ್ಕ ಅನ್ನಿ ಸಾಕು, ನಾವೆಲ್ಲ ಒಂದೇ ಫ್ಯಾಮಿಲಿ,” ಅನ್ನುತ್ತಾಳೆ.

“ಅಯ್ಯೋ, ಸೋ ಕ್ಯೂಟ್!” ಎಂದು ಕ್ಯಾಮೆರಾ ತೆಗೆದಳು. “ಅರುಣಾ, ಸ್ವಲ್ಪ ಕೈ ತೆಗೀತೀಯಾ? ಅಡ್ಡ ಬರ್ತಿದೆ.”

ಜೋಲಿ ತೂಗುತ್ತಿದ್ದ ಕೈಯನ್ನು ಅರುಣಾ ತೆಗೆದಳು.

“ನಂಗೂ ಕಳಿಸ್ತೀರಾ ಅಕ್ಕ, ವಾಟ್ಸಾಪಿಗೆ?”

“ಶ್ಯೂರ್, ಶ್ಯೂರ್.”

ಬರಲಿಲ್ಲ. ಐದು ತಿಂಗಳ ಮೇಲೆ ಗುರುವಯ್ಯನ ಅಂಗಡಿಗೆ ಬಂತು.

೪

ಸಂಜೆ ಮಗುವಿನ ಮೈ ಬೆಚ್ಚಗಾಯಿತು.

“ಬರದೆ ಇನ್ನೇನು?” ರಾಮಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತ ಅಂದಳು. “ಬೊಟ್ಟಿಲ್ಲದ ಮುಖಾನ ಊರೂರಿಗೆ ಹಂಚಿದಾರೆ.”

“ಇಂಜೆಕ್ಷನ್‌ಗೆ ಅತ್ತೆ. ಜ್ವರ ಬರಬಹುದು ಅಂತ ನರ್ಸಮ್ಮ ಹೇಳೇ ಕಳಿಸಿದ್ರು.”

“ಹಾಗಾದ್ರೆ ನಿಂಗ್ಯಾಕೆ ಅಷ್ಟು ಸಿಟ್ಟು?”

ಅರುಣಾ ಪಿಯುಸಿವರೆಗೆ ಓದಿದವಳು. ಕಣ್ಣು ತಾಗುತ್ತದೆ ಎಂದು ಪೂರ್ತಿ ನಂಬಿದವಳಲ್ಲ. ಆದರೆ ಆ ಫೋಟೊದಲ್ಲಿ ಅವಳದು ಎನ್ನುವುದು ಎರಡೇ ಇದ್ದವು. ಒಂದು ಕೈ, ಒಂದು ಬೊಟ್ಟು. ಕೈಯನ್ನು ಕೇಳಿ ತೆಗೆಸಿದರು. ಬೊಟ್ಟನ್ನು ಕೇಳದೆಯೇ ತೆಗೆದರು. ಅರುಣಾ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಬಾಲರಾಜ್ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. “ಫೋಟೊ ಏನೋ ಚೆನ್ನಾಗೇ ಬಂದಿದೆ,” ಅಂದವನು ಹೆಂಡತಿಯ ಮುಖ ನೋಡಿ ಅದನ್ನು ಕೆಳಗಿಟ್ಟ.

“ನಾಳೆ ಹೋಗಿ ಕೇಳ್ತೀನಿ. ಬೊಟ್ಟು ಹಾಕ್ಸಿ, ಇಲ್ಲ ಫೋಟೊ ತೆಗೀರಿ ಅಂತ.”

“ಕೇಳು. ಲೈನ್ ಮನೆ ಬಿಡಿ ಅಂದ್ರೆ? ಈ ಕೂಸನ್ನ ಎತ್ಕೊಂಡು ಎಲ್ಲಿಗೆ ಹೋಗೋದು ಮಾರಾಯ್ತಿ?”

ಲೈನ್ ಮನೆ ಎಂದರೆ ಎಸ್ಟೇಟಿನವರು ಕೆಲಸದವರಿಗೆ ಕೊಟ್ಟ ಸಾಲುಮನೆ. ಕೆಲಸ ಇರುವವರೆಗೆ ಮನೆ. ಇದು ಎಲ್ಲರಿಗೂ ಗೊತ್ತಿರುವ ಮಾತು.

೫

ಮಾರನೆಯ ದಿನ ಕಾಫಿ ಶಾಪಿನಲ್ಲಿ ರೂಪಶ್ರೀಯೇ ಮೊದಲು ಮಾತಾಡಿದಳು. “ಅರುಣಾ! ನೋಡಿದ್ಯಾ? ಸರ್ಪ್ರೈಸ್ ಕೊಡೋಣ ಅಂತಿದ್ದೆ. ನಿನ್ನ ಮಗಳು ಈಗ ನಮ್ಮ ಎಸ್ಟೇಟಿನ ಫೇಸ್!”

“ಬೊಟ್ಟು ಇತ್ತಲ್ಲ ಅಕ್ಕ ಕೆನ್ನೆ ಮೇಲೆ.”

“ಓ, ಅದಾ? ಡಿಸೈನರ್ ಏನೋ ಕಲೆ ಅಂದ್ಕೊಂಡು ತೆಗ್ದುಬಿಟ್ಟ. ಪ್ರಿಂಟಲ್ಲಿ ಕೊಳೆ ಥರ ಕಾಣ್ತಿತ್ತಂತೆ.”

(ಕಲೆ. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ. ಬಟ್ಟೆಗೆ ಆದರೆ ಸೋಪು ಹಾಕುತ್ತೇವೆ, ಮನುಷ್ಯರಿಗೆ ಒಲಿದರೆ ಶಾಲು ಹೊದಿಸುತ್ತೇವೆ. ಇಲ್ಲಿ ಒಂದು ಕಲೆಗೋಸ್ಕರ ಇನ್ನೊಂದನ್ನು ಅಳಿಸಿದರು. ಬುದ್ಧಿವಂತಿಕೆಯ ಮಾತು ಎಂದು ಬೀಗಬೇಕೆಂದಿದ್ದೆ. ಅರುಣಾಳ ಮುಖ ನೋಡಿ ಬಿಟ್ಟೆ.)

“ವಾಪಸ್ ಹಾಕಿಸ್ತೀರಾ?”

“ಕವರೆಲ್ಲ ಪ್ರಿಂಟ್ ಆಗೋಗಿದೆ ಮಾರಾಯ್ತಿ. ನೆಕ್ಸ್ಟ್ ಸೀಸನ್ ನೋಡೋಣ.”

“ಅಷ್ಟೊತ್ತಿಗೆ ಅವಳು ಓಡಾಡ್ತಿರ್ತಾಳೆ.”

“ಆಗ ಬೇರೆ ಮಗು ಸಿಗುತ್ತೆ ಬಿಡು,” ರೂಪಶ್ರೀ ನಕ್ಕಳು. ಕೆಟ್ಟ ನಗುವಲ್ಲ. ನಿಜಕ್ಕೂ ತಮಾಷೆ ಎಂದುಕೊಂಡೇ ನಕ್ಕಳು. “ಲೈನಲ್ಲಿ ಮಕ್ಕಳಿಗೇನು ಬರಗಾಲ?” ಆಮೇಲೆ ಕಪಾಟಿನಿಂದ ಎರಡು ಪ್ಯಾಕೆಟ್ ತೆಗೆದು ಅರುಣಾಳ ಕೈಗಿಟ್ಟಳು. “ಮನೇಲಿ ಕುಡೀರಿ. ನಮ್ಮ ಕಡೆಯಿಂದ.”

(ಚಿವುಟಿ ತೊಟ್ಟಿಲು ತೂಗುವವರು ಬರುತ್ತಾರೆ ಅಂದಿದ್ದೆನಲ್ಲ.)

೫½

ಇಲ್ಲಿ ಅರುಣಾಳ ಬಾಯಲ್ಲಿ ಒಂದು ಪುಟದ ಭಾಷಣ ಬರೆದಿದ್ದೆ. ಶ್ರಮ, ಒಡೆತನ, ತಾಯ್ತನ ಎಲ್ಲ ಇತ್ತು. ನನಗೇ ಚಪ್ಪಾಳೆ ಹೊಡೆದುಕೊಳ್ಳುವಷ್ಟು ಚೆನ್ನಾಗಿತ್ತು.

“ಇಷ್ಟುದ್ದ ನಾನು ಮಾತಾಡಲ್ಲ ಅಕ್ಕ,” ಅಂದಳು. “ಇದು ನಿಮ್ಮ ಸಿಟ್ಟು. ನಿಮ್ಮ ಹತ್ರಾನೇ ಇಟ್ಕೊಳ್ಳಿ.”

ಹರಿದೆ.

“ಇನ್ನೊಂದು ಕೇಳ್ಲಾ? ಅವರು ಫೋಟೊ ತೆಗೆದ್ರು. ನೀವು ಕಥೆ ತೆಗೀತಿದೀರಿ. ಅವರಾದ್ರೂ ಕೈ ತೆಗಿ ಅಂತ ಕೇಳಿದ್ರು. ನೀವು ನನ್ನನ್ನ ಏನಾದ್ರೂ ಕೇಳಿದ್ರಾ?”

ಕಥೆ ಬೇರೆ, ಪ್ಯಾಕೆಟ್ ಬೇರೆ ಎನ್ನಬಹುದಿತ್ತು. ಕಥೆಗೆ ಅಷ್ಟೊಂದು ಗಿರಾಕಿಗಳಿಲ್ಲ ಎನ್ನಬಹುದಿತ್ತು.

“ಜೋಲಿ ಪಕ್ಕದಲ್ಲಿ ನನ್ನ ಗಂಬೂಟು ಇತ್ತು. ತಿಂಡಿ ಕ್ಯಾರಿಯರ್ ಇತ್ತು. ಅರ್ಧ ತುಂಬಿದ ಹಣ್ಣಿನ ಚೀಲ ಇತ್ತು. ನೀವು ಬರೆದ ಫೋಟೊದಲ್ಲೂ ಅವೆಲ್ಲ ಇಲ್ಲ. ನಿಮಗೂ ಕಲೆ ಥರ ಕಂಡ್ವಾ?”

ಹೌದು, ಬಿಟ್ಟಿದ್ದೆ. ಓದುಗರೇ, ದಯವಿಟ್ಟು ಹಿಂದಕ್ಕೆ ಹೋಗಿ ಗಂಬೂಟು, ಕ್ಯಾರಿಯರ್, ಚೀಲ, ಮೂರನ್ನೂ ಅಲ್ಲಿಟ್ಟು ಬನ್ನಿ. ಕ್ಯಾರಿಯರಿನಲ್ಲಿ ಅಕ್ಕಿರೊಟ್ಟಿ.

“ಮಗಳ ಹೆಸರು ಬರೆದಿದೀರಾ?” ಅಂದಳು ಅರುಣಾ.

“ಎರಡು ಕಡೆ ಬರೆದಿದ್ದೆ.”

“ಅಳಿಸಿ.”

ಅಳಿಸಿದೆ.

೬

ಮುಕ್ತಾಯಗಳು. ಆರಿಸಿಕೊಳ್ಳಿ.

ಅ) ರೂಪಶ್ರೀಗೆ ಪಶ್ಚಾತ್ತಾಪವಾಗುತ್ತದೆ. ಲೈನ್ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾಳೆ. ಎಲ್ಲರ ಕಣ್ಣೂ ತೇವ. (ನನ್ನದು ಆಗಲಿಲ್ಲ.)

ಆ) ಯಾರೋ ಇದನ್ನು ಫೇಸ್‌ಬುಕ್ಕಿಗೆ ಹಾಕುತ್ತಾರೆ. ನಾಡೇ ಎದ್ದು ನಿಲ್ಲುತ್ತದೆ. ಮಗುವಿಗೆ ನ್ಯಾಯ ಬೇಕೆಂದು ಲಕ್ಷಾಂತರ ಜನ ಅದೇ ಬೊಟ್ಟಿಲ್ಲದ ಫೋಟೊವನ್ನು ಹಂಚುತ್ತಾರೆ.

ಇ) ಲೈನ್ ಮನೆ ಖಾಲಿಯಾಗುತ್ತದೆ. ಜೀಪಿನ ಹಿಂದೆ ಪಾತ್ರೆ, ಚಾಪೆ, ತೊಟ್ಟಿಲು. ಇದನ್ನು ಬರೆಯುವಾಗ ಬಾಲರಾಜ್ ಮೊದಲ ಸಲ ನನ್ನ ಹತ್ತಿರ ಮಾತಾಡಿದ. “ಮರದಿಂದ ಬೀಳಿಸಿದ್ದು ಸಾಲದು ಅಂತ ಮನೆಯಿಂದಾನೂ ಬೀಳಿಸ್ತೀರಾ ಮೇಡಂ? ನಿಮಗೆ ನನ್ನ ಮೇಲೆ ಏನು ದ್ವೇಷ?”

ದ್ವೇಷ ಏನಿಲ್ಲಪ್ಪ. ರೂಢಿ.

೭

ನಾನು ಹೀಗೆ ಲೆಕ್ಕ ಹಾಕುತ್ತ ಕೂತಿರುವಾಗ ಅರುಣಾ ನನ್ನನ್ನು ಕೇಳದೆಯೇ ಹೊರಟಳು.

ಭಾನುವಾರ, ಬೆಳಗಿನ ಹತ್ತು ಗಂಟೆ. ಕಾಫಿ ಶಾಪಿನ ತುಂಬ ಜನ. ಸೊಂಟದ ಮೇಲೆ ಜ್ವರ ಬಿಟ್ಟ ಮಗಳು, ಕೈಯಲ್ಲಿ ತೆಂಗಿನ ಚಿಪ್ಪು. ಚಿಪ್ಪನ್ನು ಕಪಾಟಿನ ಮೇಲಿಟ್ಟು ಉಂಗುರದ ಬೆರಳಿಗೆ ಕಪ್ಪು ತೇಯ್ದುಕೊಂಡು ಮೊದಲ ಪ್ಯಾಕೆಟ್ಟಿನ ಎಡಗೆನ್ನೆಗೆ ಬೊಟ್ಟು ಇಟ್ಟಳು. ಆಮೇಲೆ ಎರಡನೆಯದಕ್ಕೆ. ಆಮೇಲೆ ಅದರ ಪಕ್ಕದ್ದಕ್ಕೆ. ಆತುರವಿರಲಿಲ್ಲ. ದಿನಾ ಬೆಳಿಗ್ಗೆ ಇಡುವಂತೆಯೇ, ಗಲ್ಲ ಹಿಡಿಯಲು ಎಡಗೈ ತಾನಾಗಿ ಮುಂದೆ ಹೋಗುತ್ತಿತ್ತು.

ಬಿಲ್ ಕೊಡಲು ನಿಂತ ಹೆಂಗಸೊಬ್ಬಳು ಕೇಳಿದಳು. “ಏನ್ ಮಾಡ್ತಿದೀರಾ?”

“ಮಗಳಿಗೆ ಬೊಟ್ಟು ಇಡ್ತಿದೀನಿ.”

ಹೆಂಗಸು ಪ್ಯಾಕೆಟ್ ನೋಡಿದಳು, ಮಗುವನ್ನು ನೋಡಿದಳು. ತನ್ನ ಕೈಯಲ್ಲಿದ್ದ ಪ್ಯಾಕೆಟ್ಟನ್ನೂ ಮುಂದೆ ಹಿಡಿದಳು.

ಒಳಗಿನಿಂದ ರೂಪಶ್ರೀ ಓಡಿ ಬಂದಳು. “ಅರುಣಾ! ಏನಿದು? ಪ್ಯಾಕೆಟ್ ಹಾಳಾಗ್ತಿದೆ!”

“ಪ್ಯಾಕೆಟ್ಟಿಗೆ ಇಡ್ತಿಲ್ಲ ಅಕ್ಕ. ಕೆನ್ನೆಗೆ.”

“ನಿಲ್ಸು. ಸಾರ್‌ಗೆ ಫೋನ್ ಮಾಡ್ತೀನಿ ಈಗ.”

“ಮಾಡಿ. ಬರೋ ಹೊತ್ತಿಗೆ ಮೇಲಿನ ಸಾಲೂ ಮುಗಿಯುತ್ತೆ.”

ಮೇಲಿನ ಸಾಲು ಮುಗಿಯಲಿಲ್ಲ. ಚಿಪ್ಪಿನಲ್ಲಿ ಕಪ್ಪು ಒಣಗಿತ್ತು. ಅರುಣಾ ಬೆರಳನ್ನು ಸುಮ್ಮನೆ ತೇಯುತ್ತ ನಿಂತಳು. ರೂಪಶ್ರೀ ಫೋನನ್ನು ಕಿವಿಗಿಟ್ಟುಕೊಂಡಿದ್ದಳು. ಆಗ ಬಾಗಿಲಿನಿಂದ ಬಾಲರಾಜ್ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಗಿರಾಕಿಗಳ ಟೇಬಲ್ಲಿನಿಂದ ಒಂದು ಲೋಟ ನೀರು ಎತ್ತಿಕೊಂಡು ಬಂದು, ಬೆರಳದ್ದಿ, ಚಿಪ್ಪಿಗೆ ಒಂದು ಹನಿ ಬಿಟ್ಟ.

“ಜಾಸ್ತಿ ಹಾಕ್ಬೇಡಿ, ನೀರಾಗುತ್ತೆ,” ಅರುಣಾ ಬೈದಳು.

೮

ಲೈನ್ ಮನೆ ಉಳಿಯಿತೇ ಎಂದು ಕೇಳುತ್ತೀರಿ. ಅಭಿಷೇಕ್ ಬಂದು ಏನಂದ, ಕವರು ಬದಲಾಯಿತೇ ಎಂದೂ ಕೇಳುತ್ತೀರಿ. ಹೇಳುವುದಿಲ್ಲ. ಮನೆ ಉಳಿಯಿತು ಅಂದರೆ ನೀವು ನೆಮ್ಮದಿಯಾಗಿ ಕಾಫಿ ಕುಡಿಯಲು ಏಳುತ್ತೀರಿ. ಹೋಯಿತು ಅಂದರೆ ಅಯ್ಯೋ ಪಾಪ ಎಂದು, ಕಾಫಿ ಕುಡಿಯಲು ಏಳುತ್ತೀರಿ. ಎರಡಕ್ಕೂ ನನ್ನ ಒಪ್ಪಿಗೆಯಿಲ್ಲ. ಅವನು ಹನಿ ಬಿಡುತ್ತಿರಲಿ, ಅವಳು ಬೈಯುತ್ತಿರಲಿ. ಅಲ್ಲಿಂದ ಅವರನ್ನು ಅಲುಗಾಡಿಸಲು ನನಗೆ ಕೈ ಬರುವುದಿಲ್ಲ.

ಗುರುವಯ್ಯನ ಅಂಗಡಿಯಲ್ಲಿ ಬೊಟ್ಟಿಲ್ಲದ ಪ್ಯಾಕೆಟ್‌ಗಳು ಇನ್ನೂ ಇವೆ. ಆ ಕಡೆ ಹೋದರೆ ಪೆನ್ನು ಇಟ್ಟುಕೊಂಡು ಹೋಗಿ. ಎಡಗೆನ್ನೆ, ಮರೆಯಬೇಡಿ.

ಬರೆದದ್ದನ್ನೆಲ್ಲ ಅರುಣಾಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಮಗಳು ಅಷ್ಟರಲ್ಲಿ ನನ್ನ ಹಾಳೆಯ ಮೂಲೆಯನ್ನು ಬಾಯಿಗಿಟ್ಟುಕೊಂಡಿದ್ದಳು.

“ಇದನ್ನೂ ಊರೂರಿಗೆ ಹಂಚ್ತೀರಲ್ಲ?” ಅಂದಳು ಅರುಣಾ.

“ಹ್ಞೂಂ.”

“ಹಾಗಾದ್ರೆ ಇದಕ್ಕೂ ಒಂದು ಇಡಿ.” ಚಿಪ್ಪನ್ನು ನನ್ನ ಕಡೆ ಸರಿಸಿದಳು. “ಅವಳ ಹೆಸರು ಅಳಿಸಿದ್ರಲ್ಲ, ಅದರ ಬದಲಿಗೆ.”

ಒಂದು ಹನಿ ನೀರು ಬಿಟ್ಟು ತೇಯ್ದೆ. ಕೆಳಗೆ ಕಾಣುವುದನ್ನು ಪೂರ್ಣವಿರಾಮ ಎಂದುಕೊಂಡು ಎದ್ದುಬಿಟ್ಟೀರಿ. ಇನ್ನೂ ಹಸಿಯಿದೆ, ಮುಟ್ಟಬೇಡಿ

●