ಬೀಗರೂಟದ ಹೊತ್ತಿಗೆ

ನಯನಾ ಪವರ್ ಬಟನ್ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು, ಆಮೇಲೆ ಕಂಪ್ಯೂಟರು ಪೀಂ, ಪೀಂ, ಪೀಂ ಅಂತ ಕೂಗತೊಡಗಿತು. ಪರದೆ ಮಾತ್ರ ಕಪ್ಪಗೇ ಇತ್ತು. ಆಫ್ ಮಾಡಿ ಮತ್ತೆ ಒತ್ತಿದಳು. ಮತ್ತೆ ಅದೇ ಕೂಗು.

"ಅಯ್ಯೋ ದೇವ್ರೇ, ಇವತ್ತೊಂದು ದಿನ ಕೈ ಕೊಡ್ಬೇಡ," ಅಂದಳು. ಹೇಳಿದ್ದು ದೇವರಿಗೋ, ಆ ಹಳೇ ಡಬ್ಬಕ್ಕೋ, ಅವಳಿಗೇ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ಚಿಕ್ಕಜಾಲದಲ್ಲಿ ನರಸಿಂಹಯ್ಯನವರ ಮಗನ ಬೀಗರೂಟ. ಮದುವೆಯಾಗಿ ವಾರ ಕಳೆದಿದೆ, ಹೆಣ್ಣಿನ ಕಡೆಯವರನ್ನೆಲ್ಲ ಕರೆದು ಬಾಡೂಟ ಹಾಕುವ ದಿನ. ಪಂಕ್ತಿ ಕೂರುವ ಮುಂಚೆ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಮದುವೆ ವಿಡಿಯೊ ತೋರಿಸ್ತೀನಿ ಅಂತ ನರಸಿಂಹಯ್ಯ ಊರಿಗೆಲ್ಲ ಸಾರಿಬಿಟ್ಟಿದ್ದರು. ಆ ವಿಡಿಯೊ ನಯನಾಳ ಕೈಯಲ್ಲಿತ್ತು. ಯಲಹಂಕದ ಮುರುಗೇಶನ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ದುಡಿದವಳು ಅವಳು. ಕಣ್ಣು ಕೆಂಪಗೆ ಮಾಡಿಕೊಂಡು ಎಡಿಟ್ ಮಾಡಿದ್ದು ಇವಳು, ಹೆಸರು ಹಾಕಿಕೊಂಡದ್ದು ಅವನು. ರೋಸಿಹೋಗಿ ಬಿಟ್ಟುಬಂದು, ತನ್ನ ಹೆಸರಿನಲ್ಲೇ ಹಿಡಿದ ಮೊದಲ ಕೆಲಸ ಇದು.

ಕೆಲಸ ಕೊಡುವಾಗಲೇ ನರಸಿಂಹಯ್ಯ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ನೋಡವ್ವ, ಎಲ್ರೂ ಮುರುಗೇಶಂಗೇ ಕೊಡು ಅಂದ್ರು. ನಾನು ನಿನ್ನ ನಂಬಿವ್ನಿ. ಊಟದ ಒತ್ತಿಗೆ ಬರ್ಲಿಲ್ಲ ಅಂದ್ರೆ ಬೀಗರ ಮುಂದೆ ನನ್ನ ಮಾನ ಓಯ್ತದೆ. ಆಮ್ಯಾಕೆ ಈ ಕಡೆ ಒಂದು ಮದ್ವೆನೂ ನಿಂಗೆ ಸಿಗಾಕಿಲ್ಲ."

ಎಡಿಟಿಂಗೇನೋ ಮುಗಿದಿತ್ತು. ಆದರೆ ಗಂಡ ಸುಬ್ರಮಣಿ ಕಾಲೇಜಿಗೆ ಹೋಗುವಾಗ ತಗೊಂಡಿದ್ದ ಆ ಡೆಸ್ಕ್‌ಟಾಪಿಗೆ ಈಗಿನ ಕ್ಯಾಮೆರಾದ ಫೈಲುಗಳೆಂದರೆ ಮುದಿ ಎತ್ತಿನ ಮೇಲೆ ಲಾರಿ ಲೋಡು ಹೇರಿದ ಹಾಗೆ. ಎಲ್ಲವನ್ನೂ ಸೇರಿಸಿ ಒಂದೇ ಫೈಲು ಮಾಡಲು ಹೋದರೆ ಅರ್ಧಕ್ಕೇ ಉಸಿರು ಬಿಡುತ್ತಿತ್ತು. ಅದಕ್ಕೇ ಬೆಳಿಗ್ಗೆ ಆರ್.ಟಿ. ನಗರದ ಮುಜಫ್ಫರ್ ತನ್ನ ಕಂಪ್ಯೂಟರ್ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ, ಹಳೇ ರ‍್ಯಾಮ್ ಅವನಿಗೇ ಕೊಟ್ಟು, ದೊಡ್ಡವು ಎರಡು ತಂದಿದ್ದಳು. ಕಂಪ್ಯೂಟರಿನ ನೆನಪು ಹೆಚ್ಚಿಸುವ ಬೆರಳುದ್ದದ ಹಸಿರು ಪಟ್ಟಿಗಳು, ಕೆಳಗಿನ ಅಂಚಿಗೆ ಚಿನ್ನದ ಬಣ್ಣದ ಪುಟ್ಟ ಪುಟ್ಟ ಹಲ್ಲುಗಳು. ಪ್ಯಾಕೆಟ್ಟಿನಿಂದ ತೆಗೆದು ಮೇಜಿನ ಮೇಲಿಟ್ಟು, ಹಳೇದನ್ನು ಬಿಚ್ಚಲು ಈಸಿಕೊಂಡು ಹಿಂದಿರುಗಿಸಿದ್ದ ಸ್ಕ್ರೂಡ್ರೈವರನ್ನೇ ಮತ್ತೆ ಕೇಳಲು ಕೆಳಗಿನ ಮನೆಯ ಆನಂದಪ್ಪನವರ ಹತ್ತಿರ ಹೋಗಿಬಂದು, ಕ್ಯಾಬಿನೆಟ್ ಬಿಚ್ಚಿ ಕೂರಿಸಿದ್ದಳು. ಈಗ ನೋಡಿದರೆ ಈ ಕೂಗು.

"ಏನಾಯ್ತೇ?" ಅಡುಗೆಮನೆ ಬಾಗಿಲಲ್ಲಿ ಅತ್ತೆ ಕೃಷ್ಣಮ್ಮ ನಿಂತಿದ್ದರು.

"ಏನಿಲ್ಲ ಅತ್ತೆ, ನೀವು ಹೋಗಿ."

ಕೃಷ್ಣಮ್ಮ ಹೋಗಲಿಲ್ಲ. ಸೆರಗಿನ ತುದಿ ಹಿಂಡುತ್ತಾ ಅಲ್ಲೇ ನಿಂತರು. ನಯನಾಳಿಗೆ ಮೈಯೆಲ್ಲ ಉರಿಯಿತು. ಮೂರು ವರ್ಷದಿಂದ ಈ ಯಮ್ಮಂದು ಒಂದೇ ರಾಗ: "ಕಂಡೋರ ಮದ್ವೆ ನೋಡ್ತಾ ಕೂತ್ರೆ ಮನೆ ಉದ್ಧಾರ ಆಗುತ್ತಾ? ಆ ಡಬ್ಬ ತೆಗೆದು ಆಚೆ ಹಾಕು." ಈಗ ತಮಾಷೆ ನೋಡೋಕೆ ನಿಂತಿದ್ದಾರೆ ಅಂದುಕೊಂಡಳು.

ಮುಜಫ್ಫರನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಕೂಗಾಡಿದಳು. "ಕೆಟ್ಟಿರೋ ಮಾಲು ತಲೆಗೆ ಕಟ್ಟಿದೀರಲ್ರೀ! ನನ್ನ ಬಾಳು ಹಾಳ್ ಮಾಡಿದ್ರಿ!"

"ಮೇಡಂ, ನಿಮ್ಮೆದುರಿಗೇ ಅಂಗಡಿ ಕಂಪ್ಯೂಟರಿಗೆ ಹಾಕಿ ಆನ್ ಮಾಡಿ ತೋರಿಸಿದ್ದೀನಲ್ಲ," ಅಂದ ಅವನು. ಅದು ನಿಜವೇ. "ಮತ್ತೆ ತೆಗೆದು ಹಲ್ಲು ನೋಡಿ. ಧೂಳು ಗೀಳು ಇದ್ರೆ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ."

ಫೋನ್ ಇಡುವಷ್ಟರಲ್ಲಿ ನರಸಿಂಹಯ್ಯನವರದು ಬಂತು. "ಎಲ್ಲಿದ್ದೀಯವ್ವ? ಪರದೆ ನಿಲ್ಸಾಯ್ತು. ಬೀಗರ ಬಸ್ಸು ಬತ್ತಾ ಅದೆ."

"ಬರ್ತಿದ್ದೀನಿ, ಹೊರಟೆ ಸಾರ್," ಅಂದಳು.

ಒಂದು ಪಟ್ಟಿ ಕಿತ್ತು ಹೆಬ್ಬೆರಳಿನಿಂದ ಅಂಚು ಸವರಿದಳು. ಬೆರಳು ಹಳದಿಯಾಯಿತು. ಮೂಗಿಗೆ ಹಿಡಿದಳು. ಅರಿಶಿನ! ನೀರಲ್ಲಿ ಕಲಸಿದ ಹಸಿ ಅರಿಶಿನ. ಚಿನ್ನದ ಬಣ್ಣದ ಮೇಲೆ ಹಳದಿ, ಅವಸರದಲ್ಲಿ ಯಾರ ಕಣ್ಣಿಗೆ ಕಂಡೀತು?

ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಕೃಷ್ಣಮ್ಮನ ಮುಖ ಬಿಳಿಚಿಕೊಂಡಿತ್ತು.

"ನೀವಾ?"

"ಹೊಸ ವಸ್ತು ಅಲ್ವೇನೇ... ನೀನು ಕೆಳಗೆ ಹೋಗಿದ್ದಾಗ... ಹೊಸ್ತಿಲಿಗೆ ಇಡ್ತೀವಲ್ಲ, ಹಂಗೆ ಅಂಚಿಗೆ ಒಂಚೂರು—"

"ಸಾಕು ಮಾಡಿ!" ನಯನಾ ಚೀರಿದಳು. "ಈ ಡಬ್ಬ ಆಚೆ ಹಾಕ್ಬೇಕು ಅಂತಿದ್ರಲ್ಲ, ಹಾಕಿಬಿಟ್ರಲ್ಲ! ನಾನು ಮೇಲೆ ಬರೋದು ನಿಮಗೆ ಯಾವತ್ತೂ ಬೇಕಿರ್ಲಿಲ್ಲ. ಬೇಕೂ ಬೇಕೂಂತಲೇ ಮಾಡಿದೀರ. ಹೊಟ್ಟೆಕಿಚ್ಚು ನಿಮಗೆ!"

ಜಗಳಕ್ಕೆ ನಿಂತರೆ ಇಡೀ ಬೀದಿ ಬಾಯಿ ಮುಚ್ಚಿಸುವ ಹೆಂಗಸು ಕೃಷ್ಣಮ್ಮ, ಅವತ್ತು ಕಣ್ಣು ಒರೆಸಿಕೊಂಡು ಒಳಗೆ ಹೋದರು. ನಯನಾಳಿಗೆ ಅದನ್ನು ನೋಡಲೂ ಪುರುಸೊತ್ತಿರಲಿಲ್ಲ. ರಬ್ಬರು ಹುಡುಕಿ ಎರಡೂ ಪಟ್ಟಿಗಳ ಹಲ್ಲು ಉಜ್ಜಿದಳು, ಬಟ್ಟೆಯಲ್ಲಿ ಒರೆಸಿದಳು, ಹಲ್ಲುಜ್ಜುವ ಹೊಸ ಬ್ರಷ್ಷೊಂದರ ಪ್ಯಾಕೆಟ್ ಒಡೆದು ಅದರಿಂದ ಅವು ಕೂರುವ ಸಂದಿಯನ್ನೂ ಮೆಲ್ಲಗೆ ಕೆರೆದಳು. ಕೂರಿಸಿ, ಬಟನ್ ಒತ್ತಿದಳು.

ಪೀಂ.

ಒಂದು ಪಟ್ಟಿ ಸರಿಯಾಗಿ ಕೂತಿರಲಿಲ್ಲ. ಕಟಕ್ ಅನ್ನುವ ತನಕ ಅದುಮಿ ಮತ್ತೆ ಒತ್ತಿದಳು. ಈ ಸಲ ಪರದೆ ಬೆಳಗಿತು.

ವಿಡಿಯೊ ತೆರೆದಳು. ಇಲ್ಲಿಯ ತನಕ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಿದ್ದದ್ದು ಈಗ ಸರಾಗವಾಗಿ ಓಡಿತು. ಆದರೆ ಎಕ್ಸ್‌ಪೋರ್ಟ್ ಒತ್ತಿದಾಗ, ಎಲ್ಲ ಸೇರಿ ಒಂದೇ ಫೈಲಾಗಲು ಗಂಟೆಗಟ್ಟಲೆ ಬೇಕು ಅಂತ ತೋರಿಸಿತು. ಅದು ಮುಗಿಯುವ ಹೊತ್ತಿಗೆ ಬೀಗರು ಎಲೆ ಮಡಚಿ ಎದ್ದಿರುತ್ತಾರೆ. ಸುಬ್ರಮಣಿ ಏರ್‌ಪೋರ್ಟ್ ಡ್ಯೂಟಿಯಲ್ಲಿದ್ದ, ಕರೆದರೂ ಬರುವ ಹಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ, ಒಂದೇ ಒಂದು ದಾರಿ ಹೊಳೆಯಿತು. ಫೈಲು ಒಯ್ಯಲಾಗದಿದ್ದರೆ ಏನಂತೆ, ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿ ಅಲ್ಲೇ ಓಡಿಸುವುದು!

ಆಟೊ ಬಂತು. ವೈರು, ಮೌಸು, ಕೀಬೋರ್ಡು ಬ್ಯಾಗಿಗೆ ತುರುಕಿದಳು. ಕ್ಯಾಬಿನೆಟ್ ಎತ್ತಲು ಬಗ್ಗಿದರೆ, ಕೃಷ್ಣಮ್ಮ ಆಗಲೇ ಒಂದು ಹಳೇ ಸೀರೆ ಸುತ್ತಿ ಅದನ್ನು ಸೊಂಟಕ್ಕೆ ಎತ್ತಿಕೊಂಡಿದ್ದರು.

"ಬಿಡಿ, ನಾನು—"

"ನಡಿ. ಹೊತ್ತಾಯ್ತು."

ಏರ್‌ಪೋರ್ಟ್ ರಸ್ತೆಯ ಸರ್ವಿಸ್ ರೋಡಿನಲ್ಲಿ ಆಟೊ ಹಳ್ಳ ಇಳಿದಾಗೆಲ್ಲ ನಯನಾಳ ಜೀವ ಬಾಯಿಗೆ ಬರುತ್ತಿತ್ತು. ಕ್ಯಾಬಿನೆಟ್ಟು ಮಾತ್ರ ಅಲುಗಲಿಲ್ಲ. ಕೃಷ್ಣಮ್ಮ ಅದನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡಿದ್ದರು, ಒಂದು ಕೆಟ್ಟ ಕುಲುಕಿಗೆ ಹಣೆ ಕಂಬಿಗೆ ಬಡಿದರೂ ಕೈ ಸಡಿಲಿಸಲಿಲ್ಲ.

ಶಾಮಿಯಾನದಲ್ಲಿ ಬೀಗರು ಕೂತಾಗಿತ್ತು. ಮಸಾಲೆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನರಸಿಂಹಯ್ಯನವರ ಮುಖ ಗಂಟಾಗಿತ್ತು. ನಯನಾ ಮಾತಿಗೆ ನಿಲ್ಲದೆ ನೆಲದ ಮೇಲೆ ಕೂತು ವೈರು ಚುಚ್ಚಿದಳು, ಬಟನ್ ಒತ್ತಿದಳು. ಕೂಗಲಿಲ್ಲ. ದೊಡ್ಡ ಪರದೆಯ ಮೇಲೆ ಧಾರೆಯ ಹಾಲು ಸುರಿಯಿತು, ವಾಲಗ ಮೊಳಗಿತು, ಹೆಣ್ಣಿನ ತಾಯಿ ಕುರ್ಚಿಯಲ್ಲೇ ಬಿಕ್ಕಿದಳು. ಒಂದು ಕಡೆಯೂ ನಿಲ್ಲದೆ ಕೊನೆಯ ತನಕ ಓಡಿತು. ಕೊನೆಗೆ ಅಷ್ಟಗಲ ಅಕ್ಷರದಲ್ಲಿ "ಸಂಕಲನ: ನಯನಾ" ಅಂತ ಬಂದಾಗ ಶಿಳ್ಳೆ ಬಿತ್ತು.

"ಚೆಂದಾಗದೆ ಕಣವ್ವ," ಅಂದರು ನರಸಿಂಹಯ್ಯ. "ಆದ್ರೆ ಬೆವರಿಳಿಸಿಬಿಟ್ಟೆ. ಯಾಕೆ ತಡ?"

"ಕರೆಂಟ್ ಹೋಗಿತ್ತು ಸಾರ್."

"ಕರೆಂಟ್ ಇತ್ತು." ಕೃಷ್ಣಮ್ಮ ಮುಂದೆ ಬಂದರು. ಅಷ್ಟೂ ಬೀಗರೆದುರು, ಗಟ್ಟಿಯಾಗಿ ಹೇಳಿದರು: "ತಪ್ಪು ನಂದು. ಹೊಸ ಸಾಮಾನಿಗೆ ಅರಿಶಿನ ಇಟ್ಟೆ, ಕೆಟ್ಟು ನಿಂತ್ಕೊಂತು. ನನ್ನ ಸೊಸೆ ಗೆಲ್ಲಲಿ ಅಂತ ಇಟ್ಟೆ. ಅವಳದ್ದೇನೂ ತಪ್ಪಿಲ್ಲ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನರಸಿಂಹಯ್ಯನವರೂ ನಕ್ಕುಬಿಟ್ಟರು. "ಒಸ ವಸ್ತುಗೆ ಅರಿಸಿನ ಇಕ್ಕದೆ ಇರ್ತಾರಾ, ಬಿಡವ್ವ! ನಮ್ಮಣ್ಣನ ಮಗಳ ಮದ್ವೆನೂ ನಿನ್ ಸೊಸೆಗೇ."

ನಯನಾಳಿಗೆ ನಗು ಬರಲಿಲ್ಲ. ಪಂಕ್ತಿಯಲ್ಲಿ ಅತ್ತೆಯ ಪಕ್ಕ ಕೂತಳು. ಮುಂದಿದ್ದ ಮುದ್ದೆ ಮುರಿಯಲು ಕೈ ಬರಲಿಲ್ಲ. ಅತ್ತೆಯ ಹಣೆಯ ಮೇಲೆ ಗುಬುಟು ಎದ್ದಿತ್ತು.

"ಅತ್ತೆ, ನಾನು ಆ ಮಾತು ಆಡಬಾರದಿತ್ತು. ತಪ್ಪಾಯ್ತು."

ಕೃಷ್ಣಮ್ಮ ತುತ್ತು ನುಂಗಿದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೊಟ್ಟೆಕಿಚ್ಚು ಅಂದ್ಯಲ್ಲ, ಅದು ಇಲ್ಲೇ ಇರುತ್ತೆ ಕಣೇ," ಅಂದು ಎಡಗೈಯನ್ನು ಎದೆಗೆ ಮುಟ್ಟಿಸಿಕೊಂಡರು.

ನಯನಾಳ ಕಣ್ಣೀರು ಎಲೆಯ ಮೇಲೆ ಬಿತ್ತು.

"ಅಳ್ಬೇಡ. ಮೂರು ವರ್ಷ ನಾನು ಆಡಿದ್ದೇನು ಕಮ್ಮಿನಾ? ಅವೆಲ್ಲ ನಿನ್ನೊಳಗೆ ಇಲ್ವಾ? ಇಟ್ಕೊಂಡೇ ನಂಗೆ ದಿನಾ ಕಾಫಿ ಕೊಡ್ತಿಲ್ವಾ ನೀನು? ನಾನೂ ಇಟ್ಕೊಂಡಿರ್ತೀನಿ ಬಿಡು." ಆಮೇಲೆ ಸಾರಿನ ಬಕೆಟ್ ಹಿಡಿದು ಬಂದವನನ್ನು ಕರೆದರು. "ಇವಳಿಗೆ ಹಾಕಪ್ಪ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ."