ಮೆಟ್ಟಿಲ ಕೆಳಗಿನ ದೇವರ ಮನೆ

"ದೇವರ ಮನೆಗೆ ಹೋಗು ಅಂದೆನಲ್ಲಾ ಅನೂ, ಯಾಕೆ ಇನ್ನೂ ಅಲ್ಲೇ ನಿಂತಿದೀಯ?"

ಪಲ್ಲವಿ ಈ ಮಾತು ಹೇಳಿದ್ದು ಮೊದಲ ಸಲವಲ್ಲ. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಆಫೀಸಿನ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ಹಿಡಿದು ಅರಚುತ್ತಿದ್ದಳು. ಗಾಜಿನ ಗೋಡೆಯಾಚೆ ಕೂತವರು ತಲೆಯೆತ್ತಿ ನೋಡಿದರು. ನೋಡಿಕೊಳ್ಳಲಿ, ಯಾರಿಗೆ ಬೇಕಾಗಿದೆ! ಫೋನಿನೊಳಗೆ, ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಮನೆಯಲ್ಲಿ, ಹನ್ನೆರಡು ವರ್ಷದ ಮಗಳು ಅನಘಾ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಹಿಂದಿನ ಹಾಲಿನ ಚಾಪೆಯ ಮೇಲೆ ನಿಂತಿದ್ದಳು. ಅವಳ ಬೆನ್ನ ಹಿಂದೆ ನೆಲದಿಂದ ಸೂರಿನ ತನಕ ಗಾಜಿನ ಬಾಗಿಲು. ಅದರಾಚೆ ನಡುಮಧ್ಯಾಹ್ನದ ಆಕಾಶ ಹಸಿರುಗಪ್ಪಾಗಿತ್ತು.

"ಐ ಕಾಂಟ್, ಅಮ್ಮಾ," ಎಂದಳು ಹುಡುಗಿ. "ಯು ನೋ ಐ ಕಾಂಟ್."

ಜುಲೈ ಎಂದರೆ ಅಲ್ಲಿ ನಡುಚಳಿಗಾಲ. ಜನ ಹೀಟರ್ ಹಾಕಿಕೊಂಡು, ಮೂಗು ಒರೆಸಿಕೊಂಡು, ಸೋನೆಮಳೆಯನ್ನು ಬೈದುಕೊಂಡು ಇರುವ ಕಾಲ. ಗುಡುಗು ಮಿಂಚೆಲ್ಲ ಬೇಸಿಗೆಯ ಬಾಬತ್ತು. ಸುಂಟರಗಾಳಿಯಂತೂ ಟೀವಿಯಲ್ಲಿ ಯಾವುದೋ ಬೇರೆ ದೇಶದ್ದು ನೋಡಿ ಅಯ್ಯೋ ಪಾಪ ಎನ್ನುವುದಕ್ಕಷ್ಟೇ. ಆದರೆ ಅವತ್ತು ಬೆಳಗಿನಿಂದ ಎರಡೂ ಊರುಗಳ ಮೇಲೆ ಆಕಾಶಕ್ಕೆ ಹುಚ್ಚು ಹಿಡಿದಿತ್ತು. ಸಿಡ್ನಿಯಲ್ಲಿ ನಿಂಬೆಹಣ್ಣಿನ ಗಾತ್ರದ ಆನೆಕಲ್ಲು ಬಿದ್ದು ಕಾರುಗಳ ಗಾಜು ಒಡೆದಿದ್ದವು. ಟ್ರೇನಿಂಗ್ ಮುಗಿಸಿ ಸಂಜೆಗೆ ಮನೆಗೆ ಮರಳಬೇಕಾಗಿದ್ದ ಪಲ್ಲವಿಯ ವಿಮಾನ ರದ್ದಾಗಿತ್ತು. ಅಷ್ಟರಲ್ಲಿ ಮೆಲ್ಬರ್ನಿನ ಪಶ್ಚಿಮದ ಸಬರ್ಬ್‌ಗಳಿಗೆ ಎಚ್ಚರಿಕೆ ಬಂತು. ಸುಂಟರಗಾಳಿ ಎದ್ದಿದೆ, ಹೊರಗೆ ಬರಬೇಡಿ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಿ.

ಆ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ ಒಂದು. ಬೆಳಕು, ಬೆಳಕು ಎಂದು ಆಸೆಪಟ್ಟು ಕೊಂಡ ಮನೆ. ಕೆಳಗಿನ ಟಾಯ್ಲೆಟ್ಟಿಗೂ ಕಿಟಕಿಯಿತ್ತು. ಇಲ್ಲದ್ದು ಮೆಟ್ಟಿಲ ಕೆಳಗಿನ ಸಂದಿಗೆ ಮಾತ್ರ. ಮೊದಲು ಅಲ್ಲಿ ವ್ಯಾಕ್ಯೂಮ್ ಕ್ಲೀನರ್, ಸೂಟ್‌ಕೇಸು ತುಂಬಿದ್ದವು. ಗಂಡ ತ್ರಿವಿಕ್ರಮನ ತಾಯಿ ಭಾಗೀರಥಿ ಧಾರವಾಡದಿಂದ ಬಂದ ಮೇಲೆ ಅದು ದೇವರ ಮನೆಯಾಯಿತು. ಸೊಸೆ ಮೈಸೂರಿನವಳು, ಮಡಿ ಮೈಲಿಗೆ ಕಂಡವಳಲ್ಲ. ಆದರೂ ಅತ್ತೆ ಬಂದದ್ದು ಒಂದು ವರ್ಷದ ಮಟ್ಟಿಗೆ, ಅವರ ಮನಸ್ಸು ಯಾಕೆ ನೋಯಿಸಬೇಕು ಎಂದು ತಿಂಗಳ ಮೂರು ದಿನ ತಾನೇ ದೂರ ಕೂತಳು. 'ಅಡುಗೆ ಮನೆಗೆ ರಜಾ, ನನಗೇನು ನಷ್ಟ?' ಎಂದು ಗೆಳತಿಯರೆದುರು ನಗಾಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದು ಅವಳ ದಾರಿ.

ಹೋದ ತಿಂಗಳು ಅನಘಾ ದೊಡ್ಡವಳಾದಾಗಲೂ ಅದೇ ದಾರಿ ಹಿಡಿದಳು. "ಅಜ್ಜಿ ಇರೋವರೆಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಪುಟ್ಟಾ," ಎಂದಳು. ಹುಡುಗಿಗೆ ಅರ್ಥವಾಗಲಿಲ್ಲ. ಅಜ್ಜಿ ದೇವರ ಮುಂದೆ ಕೂತಿದ್ದಾಗ ಹಿಂದಿನಿಂದ ಹೋಗಿ, ದಿನಾ ಮಾಡುವಂತೆ, ಕೊರಳಿಗೆ ಜೋತುಬಿದ್ದಳು. ಭಾಗೀರಥಿ ಬಯ್ಯಲಿಲ್ಲ. ಎದ್ದರು, ದೇವರನ್ನೆಲ್ಲ ತೊಳೆದರು, ಆ ಕೊರೆಯುವ ಚಳಿಯಲ್ಲಿ ತಣ್ಣೀರು ತಲೆಗೆ ಸುರಿದುಕೊಂಡರು. ಮರುದಿನ ಜ್ವರ. ಜ್ವರ ಎದೆಗೆ ಇಳಿದು ಆಸ್ಪತ್ರೆ ಸೇರಿದರು. ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಅಜ್ಜಿಯನ್ನು ಅನಘಾ ವಾರ್ಡಿನ ಬಾಗಿಲಲ್ಲೇ ನಿಂತು ನೋಡಿದಳು, ಹತ್ತಿರ ಹೋಗಲಿಲ್ಲ. ಅವತ್ತಾದರೂ ಪಲ್ಲವಿ ಅವಳನ್ನು ಕೂರಿಸಿಕೊಂಡು, ನಿನ್ನದೇನೂ ತಪ್ಪಿಲ್ಲ ಎಂದು ಹೇಳಬೇಕಿತ್ತು. ಹೇಳೋಣ, ಹೇಳೋಣ ಎಂದುಕೊಂಡೇ ಕೆಲಸದಲ್ಲಿ ಮುಳುಗಿದಳು.

"ಶೀ ವಿಲ್ ಗೆಟ್ ಸಿಕ್ ಅಗೇನ್, ಅಮ್ಮಾ," ಎಂದಳು ಅನಘಾ ಈಗ. "ನಾನು ಇಲ್ಲೇ ಇರ್ತೀನಿ. ಇಟ್ಸ್ ಓಕೆ."

"ಏನು ಓಕೆ? ಯಾವುದು ಓಕೆ? ಫೋನ್ ಅಜ್ಜಿಗೆ ಕೊಡು. ಬೇಗ!"

ಅನಘಾ ಓಡಿದಳು. ಪರದೆಯ ಮೇಲೆ ಗೋಡೆ, ಮೆಟ್ಟಿಲು, ದೇವರ ಮನೆಯ ಅರೆತೆರೆದ ಬಾಗಿಲು ಅಡ್ಡಾದಿಡ್ಡಿ ಓಡಿದವು. ಆಮೇಲೆ ಎಲ್ಲ ನಿಂತು, ಬರೀ ಬಿಳಿ ಸೂರು ಕಾಣಿಸಿತು. ಪಲ್ಲವಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಮಗಳು ಫೋನನ್ನು ನೆಲದ ಮೇಲಿಟ್ಟು ಹಿಂದೆ ಸರಿದಿದ್ದಳು. ಕೈಯಿಂದ ಕೈಗೆ ಕೊಡುವ ಹಾಗಿಲ್ಲವಲ್ಲ! ಇಂಥ ಹೊತ್ತಿನಲ್ಲೂ ಹುಡುಗಿ ಮರೆತಿರಲಿಲ್ಲ. ಯಾರೋ ಮೇಲಿನಿಂದ ನೀರು ಚಿಮುಕಿಸಿದರು. ಹನಿಗಳು ಬಿದ್ದು ಸೂರು ಮಸಕಾಯಿತು. ಆಮೇಲೆ ಅತ್ತೆಯ ಕೈ ಬಂದು ಫೋನನ್ನು ಎತ್ತಿಕೊಂಡಿತು.

"ಏನವಾ ಪಲ್ಲವಿ, ಒಂದ ಸಿಡ್ಲಿಗೆ ಇಷ್ಟ್ಯಾಕ ಗಾಬ್ರಿ ಆಗ್ತೀ? ಅರ್ಜುನನ ಹೆಸ್ರ ಹೇಳ್ಕೋತ ಕೂತೇನಿ. ಕೂಸಿಗೂ ಹೇಳಿಕೊಟ್ಟೇನಿ."

"ಅತ್ತೆ, ಇದು ಬರೀ ಸಿಡಿಲಲ್ಲ. ಸುಂಟರಗಾಳಿ. ಸೂರು ಕಿತ್ಕೊಂಡು ಹೋಗುತ್ತೆ. ಅನೂನ ಒಳಗೆ ಕರ್ಕೊಂಡು ಬಾಗ್ಲು ಹಾಕ್ಕೊಳ್ಳಿ."

"ಒಳಗ?" ಭಾಗೀರಥಿ ಬಾಗಿಲ ಕಡೆ ನೋಡಿದರು, ಒಳಗಿನ ದೀಪದ ಕಡೆ ನೋಡಿದರು. "ಇವತ್ತ ಎರಡನೇ ದಿನ ಅಲ್ಲೇನ ಆಕಿದು? ದೇವ್ರು ಅದಾವಲ್ಲವಾ. ಆಚೀ ಹಾಲಿನ್ಯಾಗ ಬೆಚ್ಚಗ ಹಾಸಿಕೊಟ್ಟೇನಿ."

"ಅಲ್ಲಿ ಪೂರ್ತಿ ಗಾಜಿದೆ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ."

"ನಮ್ಮತ್ತಿ ತನ್ನ ಕೈಯಿಂದ ಕೊಟ್ಟ ದೇವ್ರು ಇವು. ನಾ ಏನ್ ಕೂಸಿನ ಮ್ಯಾಲಿನ ಸಿಟ್ಟಿಗೆ ಹೇಳ್ತೇನೇನು? ಹೆಚ್ಚುಕಡಿಮಿ ಆದ್ರ ಕೂಸಿಗೇ ತಟ್ಟತದವಾ. ನನಗ ಆಕಿ ಒಬ್ಬಾಕೀನ ಮೊಮ್ಮಗಳು."

ಮುದುಕಿಯ ಕಣ್ಣಲ್ಲಿ ನೀರಿತ್ತು. ಸುಳ್ಳಿನ ನೀರಲ್ಲ. ಜಗಳವಾಡುವವರನ್ನು ಗೆಲ್ಲಬಹುದು, ಹೆದರಿದವರನ್ನು ಏನು ಮಾಡುವುದು? ಫೋನಿನೊಳಗಿಂದ ಒಂದು ಸದ್ದು ಬರತೊಡಗಿತು, ಮಿಕ್ಸಿಗೆ ಕಲ್ಲು ಹಾಕಿ ತಿರುಗಿಸಿದಂಥ ಸದ್ದು. ಅನಘಾ ಹಾಲಿನಿಂದ "ಅಮ್ಮಾ!" ಎಂದು ಚೀರಿದಳು. ಹತ್ತಿರದಿಂದಲ್ಲ. ಫೋನಿಟ್ಟು ಮತ್ತೆ ತನ್ನ ಚಾಪೆಗೇ ಮರಳಿದ್ದಳು.

"ಹಾಗಾದ್ರೆ ದೇವರನ್ನ ಹೊರಗಿಡಿ!" ಪಲ್ಲವಿ ಕಿರುಚಿದಳು. "ದೇವರನ್ನ ಹೊರಗಿಟ್ಟು ನನ್ನ ಮಗಳನ್ನ ಒಳಗೆ ಕರ್ಕೊಳ್ಳಿ!"

ಮದುವೆಯಾದಾಗಿನಿಂದ ಅತ್ತೆಯೊಡನೆ ಅವಳು ಏರುದನಿಯಲ್ಲಿ ಮಾತಾಡಿದ್ದೇ ಇಲ್ಲ. ಭಾಗೀರಥಿಯ ಮುಖ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು. ಬಾಯಿ ಸ್ವಲ್ಪ ತೆರೆದಿತ್ತು. ಬೆಚ್ಚಿ ನಿಂತರೋ ಎಂದುಕೊಂಡಳು ಪಲ್ಲವಿ. ಅಲ್ಲ, ಕರೆ ಕಡಿದುಹೋಗಿತ್ತು.

ಮತ್ತೆ ಮಾಡಿದಳು. ಹೋಗಲಿಲ್ಲ. ಮನೆಯ ಫೋನಿಗೆ ಮಾಡಿದಳು, ಪಕ್ಕದ ಮನೆಗೆ ಮಾಡಿದಳು. ಎಲ್ಲ ಕಡೆಯೂ ಅದೇ ಸತ್ತ ಮೌನ. ಎಮರ್ಜೆನ್ಸಿ ನಂಬರಿನಲ್ಲಿ ಒಬ್ಬ ಹೆಂಗಸು ವಿಳಾಸ ಬರೆದುಕೊಂಡು, ಆ ಬೀದಿಗೆ ಇನ್ನೂ ಯಾರೂ ತಲುಪಲಾಗಿಲ್ಲ ಎಂದಳು. ಪಲ್ಲವಿ ಕಾರ್ಪೆಟ್ಟಿನ ಮೇಲೆ ಕುಸಿದು ಕೂತಳು. ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಚಂದ್ರಶೇಖರ್, ಅದೇ ಆಫೀಸಿನವರು, ತುಮಕೂರಿನ ಕಡೆಯವರು.

"ಟವರ್ ಬಿದ್ದಿರುತ್ತೆ ಕಣಮ್ಮಾ, ಅಷ್ಟೇ," ಎಂದರು. "ನೀರು ಕುಡಿ ಮೊದ್ಲು."

"ಕಾರ್ ಬಾಡಿಗೆಗೆ ತಗೊಂಡು ಹೋಗ್ತೀನಿ ಸರ್."

"ರಾತ್ರಿಯೆಲ್ಲಾ ದಾರಿ ಅದು. ಹೈವೇ ಬೇರೆ ಕ್ಲೋಸ್ ಮಾಡಿದಾರೆ. ತೆಗೆದ್ರೆ ನಾನೇ ಡ್ರೈವ್ ಮಾಡ್ತೀನಿ, ನಿನ್ನೊಬ್ಬಳನ್ನೇ ಕಳಿಸಲ್ಲ."

ಒಳ್ಳೆಯ ಮನುಷ್ಯ. ಆದರೆ ಆ ಹೊತ್ತಿಗೆ ಒಳ್ಳೆಯ ಮಾತು ಕೂಡ ಅವಳಿಗೆ ಬೇಡವಾಗಿತ್ತು. ಕಿಟಕಿಗೆ ಆನೆಕಲ್ಲು ಟಣ್ ಟಣ್ ಎಂದು ಬಡಿಯುತ್ತಿತ್ತು. ಒಂದೊಂದು ಏಟಿಗೂ ಆ ಹಾಲಿನ ಗಾಜು ಅವಳ ಕಣ್ಣೆದುರು ಒಡೆಯುತ್ತಿತ್ತು. ಅತ್ತೆಯನ್ನು ಶಪಿಸೋಣವೆಂದರೆ ನಾಲಿಗೆ ಏಳಲಿಲ್ಲ. ಅತ್ತೆ ತಾವು ನಂಬಿದ್ದನ್ನು ಮಾಡಿದರು. ತಾನು? ತಾನು ನಂಬದೇ ಇದ್ದದ್ದನ್ನು ಮಗಳಿಗೆ ಕಲಿಸಿದಳು. ಮನೆಯಲ್ಲಿ ಶಾಂತಿಯಿರಲಿ ಎಂದು, ನಾಲ್ಕು ಜನರೆದುರು ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲೆಂದು ಕಲಿಸಿದಳು. ಹುಡುಗಿ ಜಾಣೆ, ಚೆನ್ನಾಗಿಯೇ ಕಲಿತಳು. ಪಲ್ಲವಿ ಕಾರ್ಪೆಟ್ಟಿಗೆ ಹಣೆಯಿಟ್ಟು ಅತ್ತಳು.

ಅಷ್ಟರಲ್ಲಿ ತ್ರಿವಿಕ್ರಮನ ಫೋನು ಬಂತು. ಸಿಟಿಯಿಂದ ಹೊರಟವನು ಫ್ರೀವೇಯಲ್ಲಿ ಸಿಕ್ಕಿಕೊಂಡಿದ್ದ. ಮುಂದೆ ಲಾರಿ ಮಗುಚಿಬಿದ್ದು ಕಾರುಗಳು ಸಾಲುಗಟ್ಟಿದ್ದವು.

"ಕಾರ್ ಅಲ್ಲೇ ಬಿಟ್ಟೇನಿ, ಓಡ್ಲಿಕತ್ತೇನಿ," ಎಂದ ಏದುಸಿರಿನಲ್ಲಿ. "ಅವ್ರು ಒಳಗ ಹೋದ್ರೇನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ನೀ ಹೇಳ್ಲಿಲ್ಲೇನು?"

"ಇವತ್ತು ಹೇಳಿದೆ ತ್ರಿವಿ," ಎಂದಳು. "ಇವತ್ತು ಹೇಳಿದೆ."

ಅಮ್ಮನ ಕಟ್ಟುಕಟ್ಟಳೆಗೆ ತಲೆದೂಗಿ, ದೇವರ ಮನೆಗೆ ಹಲಗೆ ಹೊಡೆದು, ಬಣ್ಣದ ದೀಪ ಕಟ್ಟಿದವನು ಅವನೇ. ಅವನ ಓಟದ ಸದ್ದು ಮಾತ್ರ ಕೇಳಿಸುತ್ತಿತ್ತು, ಆಮೇಲೆ ಅದೂ ಕಡಿಯಿತು.

ಆಫೀಸು ಖಾಲಿಯಾಯಿತು. ಚಂದ್ರಶೇಖರ್ ಚಹಾ ತಂದಿಟ್ಟರು, ಅದು ಕೆನೆಗಟ್ಟಿತು. ಸುದ್ದಿಯಲ್ಲಿ ಪಾಯಿಂಟ್ ಕುಕ್ ಮೇಲಿನಿಂದ ತೆಗೆದ ಚಿತ್ರ ಬಂತು. ಸಾಲು ಮನೆಗಳ ನಡುವೆ ಯಾರೋ ಬೆರಳಿನಿಂದ ಗೀರೆಳೆದಂತೆ ಒಂದು ದಾರಿ, ಆ ದಾರಿಯುದ್ದಕ್ಕೂ ಸೂರಿಲ್ಲದ ಮನೆಗಳು. ತನ್ನ ಮನೆ ಯಾವುದೆಂದು ಹುಡುಕಲು ಹೋಗಿ, ಹೆದರಿ, ಪಲ್ಲವಿ ಫೋನನ್ನು ಮಗುಚಿಟ್ಟಳು. ಹರಕೆ ಹೊತ್ತುಕೊಳ್ಳೋಣವೆಂದರೆ ಯಾವ ದೇವರಿಗೆ? ಈಗಷ್ಟೇ ಹೊರಗೆ ಹಾಕಿ ಎಂದು ಕೂಗಿದ ದೇವರಿಗೇ?

ಕತ್ತಲಾಗುವ ಮೊದಲು ವೀಡಿಯೊ ಕಾಲ್ ಬಂತು. ಮೊದಲು ತ್ರಿವಿಕ್ರಮನ ಮುಖ. ಅವನು ಅಳುತ್ತಿದ್ದ.

"ಹೇಳು!" ಎಂದಳು ಪಲ್ಲವಿ.

"ಅದಾರ," ಎಂದ. "ಇಬ್ರೂ ಅದಾರ."

ಅವನು ಫೋನನ್ನು ಸುತ್ತ ತಿರುಗಿಸಿದ. ಹಿಂದಿನ ಹಾಲಿಗೆ ಸೂರೇ ಇರಲಿಲ್ಲ. ಚಾಪೆಯ ಮೇಲೆ ಗಾಜಿನ ರಾಶಿ; ಬೇಲಿಯ ಹಲಗೆಯೊಂದು ಬಂದು ಅನಘಾ ನಿಂತಿದ್ದ ಜಾಗದ ಎದುರಿನ ಗೋಡೆಗೆ ನಾಟಿತ್ತು. ಹಾಲಿನಿಂದ ಮೆಟ್ಟಿಲವರೆಗೆ ಕಾರ್ಪೆಟ್ಟಿನ ಮೇಲೆ ಬರಿಗಾಲಿನ ರಕ್ತದ ಗುರುತು. ದೇವರ ಮನೆಯ ಬಾಗಿಲ ಹೊರಗೆ, ಒದ್ದೆ ನೆಲದಲ್ಲಿ, ಹಿತ್ತಾಳೆಯ ದೇವರುಗಳು ದಿಕ್ಕಿಗೊಂದರಂತೆ ಬಿದ್ದಿದ್ದವು. ಒಳಗೆ ಇಬ್ಬರಿಗೆ ಜಾಗವಿರಲಿಲ್ಲ. ಭಾಗೀರಥಿ ಅವನ್ನು ಒಂದೊಂದಾಗಿ ಎತ್ತಿಡುವಷ್ಟು ಹೊತ್ತೂ ಸಿಕ್ಕಿರಲಿಲ್ಲ, ಬಾಚಿ ಹೊರಗೆ ಹಾಕಿದ್ದರು.

"ಅನೂಗೆ ಕೊಡು," ಎಂದಳು ಪಲ್ಲವಿ. "ಅನೂಗೆ ಕೊಡು ಫೋನ್."

ಅನಘಾಳ ಮುಖ ಬಂತು. ಕೂದಲಲ್ಲಿ ಸುಣ್ಣದ ಪುಡಿ, ಮಣಿಕಟ್ಟಿನ ಮೇಲೆ ಐದು ಬೆರಳಿನ ಕೆಂಪು ಬರೆ.

"ಅಜ್ಜಿ ಬಂದು ಎಳ್ಕೊಂಡ್ರು, ಅಮ್ಮಾ. ಗ್ಲಾಸ್ ಮೇಲೆ ನಡ್ಕೊಂಡ್ ಬಂದ್ರು. ಶೀ ಹೆಲ್ಡ್ ಮೀ ದ ಹೋಲ್ ಟೈಮ್." ಹುಡುಗಿ ದನಿ ತಗ್ಗಿಸಿದಳು. "ಈಗ ಅವ್ರು ಸ್ನಾನ ಮಾಡ್ಬೇಕಲ್ಲ? ನೀರು ಬರ್ತಿಲ್ಲ. ಹೀಟರ್ ಇಲ್ಲ. ತುಂಬಾ ಕೋಲ್ಡ್ ಇದೆ ಅಮ್ಮಾ. ವಾಟ್ ಡು ಐ ಡೂ?"

ಪಲ್ಲವಿ ಏನು ಹೇಳಬೇಕೋ ಅದನ್ನೆಲ್ಲ ಹೋದ ತಿಂಗಳೇ ಹೇಳಬೇಕಿತ್ತು.

ಹಿಂದಿನಿಂದ ಭಾಗೀರಥಿಯ ದನಿ ಕೇಳಿಸಿತು. "ಪಲ್ಲವಿ ಏನ? ತಾ ಇಲ್ಲೆ, ನಾ ಮಾತಾಡ್ತೇನಿ ಆಕೀ ಜೋಡಿ."

ಮುರಿದ ಹಾಲಿನ ನಡುವೆ ಕುರ್ಚಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಎರಡೂ ಪಾದಗಳಿಗೆ ಟವೆಲ್ ಸುತ್ತಿತ್ತು. ಕೈ ಮುಂದೆ ಚಾಚಿದ್ದರು. ಅನಘಾ ಅವರತ್ತ ನಡೆದಳು. ಆ ಕೈ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆಮೇಲೆ ಪರದೆಯಿಂದ ಕೆಳಗೆ ಜಾರಿಹೋಯಿತು, ಟಕ್ ಎಂದು ಫೋನು ನೆಲ ಮುಟ್ಟಿತು.

ಪಲ್ಲವಿಗೆ ಕಂಡದ್ದು ಬರೀ ಆಕಾಶ. ಸೂರಿದ್ದ ಜಾಗದಲ್ಲಿ ಕಪ್ಪಾಗುತ್ತಿರುವ ಮೋಡ. ಗಾಜಿನ ಚೂರಿನ ಮೇಲೆ ಹುಡುಗಿ ಹಿಂದೆ ಹಿಂದೆ ಸರಿದ ಸದ್ದು.

"ಕೈಯಾಗ ಕೊಡ ನನ್ನವ್ವಾ," ಎನ್ನುತ್ತಿದ್ದರು ಭಾಗೀರಥಿ. "ಕೈಯಾಗ ಕೊಡ."

ಹೆಜ್ಜೆಗಳು ಮರಳಿ ಬರಲಿಲ್ಲ. ಪರದೆಯ ಮೇಲೆ ಒಂದು ಹನಿ ಬಿತ್ತು, ಮತ್ತೊಂದು ಬಿತ್ತು, ಆಮೇಲೆ ಮಳೆ ಶುರುವಾಯಿತು.